ಪೆಟ್ರೋಲ್ ಟಾಕಿಯೊಳಗೆ ನಮ್ಮ ಹೊಲದ ಕಬ್ಬು

(ಸ್ವಸಹಾಯ ಸಂಘಗಳ ಪದಾಧಿಕಾರಿಗಳು ಹಾಗೂ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಸಭೆಗೆ ಬರುವಾಗ ಅನೇಕರು ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದಿದ್ದೀರಿ. ಅದರಲ್ಲಿ ಐದನೇ ಒಂದು ಪಾಲು ಪೆಟ್ರೋಲೇ ಅಲ್ಲ ಅಂದ್ರೆ ನಂಬ್ತೀರೇನ್ರಿ? ಅದು ಎಥೆನಾಲ್. ಕಾಕಂಬಿ, ಕಬ್ಬಿನ ಹಾಲು, ಗೋವಿನಜೋಳ, ನುಚ್ಚಕ್ಕಿ ಇವುಗಳನ್ನು ಹುಳಿ ಬರಿಸಿ, ಭಟ್ಟಿ ಇಳಿಸಿ, ನೀರಿನಂಶ ತೆಗೆದು ಮಾಡುವ ಮದ್ಯಸಾರ.

ಇದು ಹೊಸ ವಿಚಾರವಲ್ಲ. ಬ್ರೆಜಿಲ್ ದೇಶ 1975ರಲ್ಲೇ ಇದನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ನಮ್ಮಲ್ಲಿ 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ 9 ರಾಜ್ಯಗಳಲ್ಲಿ ಶೇ. 5ರ ಮಿಶ್ರಣ ಶುರುವಾಯಿತು. 2022ರಲ್ಲಿ ಶೇ. 10 ಆಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿಯವರು ಶೇ. 20ರ ಪೆಟ್ರೋಲಿಗೆ ಚಾಲನೆ ಕೊಟ್ಟರು. 2030ಕ್ಕೆ ಅಂತ ಇಟ್ಟಿದ್ದ ಗುರಿಯನ್ನು 2025ರಲ್ಲೇ ಮುಟ್ಟಿದೆವು. ಹೊರದೇಶದ ಕಚ್ಚಾ ತೈಲಕ್ಕೆ ಕೊಡುವ ಹಣ ಅಷ್ಟರಮಟ್ಟಿಗೆ ಉಳಿಯುತ್ತದೆ, ರೈತನ ಬೆಳೆಗೆ ಇನ್ನೊಂದು ಗಿರಾಕಿ ಸಿಗುತ್ತದೆ. ಇದು ಒಳ್ಳೆಯದೇ.

ಈಗ ಗಾಡಿಯ ಮಾತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸುಳ್ಳಲ್ಲ. ನೀತಿ ಆಯೋಗದ 2021ರ ವರದಿಯ ಪ್ರಕಾರ ಹಳೇ ಮಾದರಿಯ ಕಾರುಗಳಲ್ಲಿ ಶೇ. 6-7, ಬೈಕುಗಳಲ್ಲಿ ಶೇ. 3-4. ಅಂದರೆ ಲೀಟರಿಗೆ 50 ಕಿ.ಮೀ. ಓಡುವ ಬೈಕು ಒಂದೂವರೆ-ಎರಡು ಕಿ.ಮೀ. ಕಡಿಮೆ ಓಡ್ತದ. 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ಬಿಡಿಭಾಗಗಳು ಈ ಇಂಧನ ತಡೆಯುವಂಥವು. ಅದಕ್ಕಿಂತ ಹಳೆಯವುಗಳಲ್ಲಿ ರಬ್ಬರ್ ಪೈಪು, ವಾಷರ್ ಬೇಗ ಸವೆಯಬಹುದು. ಸರ್ವಿಸಿಂಗ್ ಮಾಡಿಸುವಾಗ ಕೇಳಿ ನೋಡಿಸಿರಿ.

ಇನ್ನೊಂದು ಗುಣ, ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ಟಾಕಿಯ ತಳಕ್ಕೆ ಕೂಡುತ್ತದೆ. ನಮ್ಮ ಕಚೇರಿಯ ಹಳೇ ಬೈಕನ್ನು ಮಳೆಗಾಲವಿಡೀ ಹೊರಗೆ ನಿಲ್ಲಿಸಿದ್ದೆವು. ಆಮೇಲೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ, ಟಾಕಿ ಬಿಚ್ಚಿಸಿ ತೊಳೆಸಬೇಕಾಯಿತು. ನೆರಳಲ್ಲಿ ನಿಲ್ಲಿಸಿ ಆಗಾಗ ಓಡಿಸಿದ್ದರೆ ಆ ಖರ್ಚು ಬರ್ತಿರಲಿಲ್ಲ.

ಆದರೆ ನಮ್ಮ ಮುಖ್ಯ ಚಿಂತೆ ಗಾಡಿಯದಲ್ಲ, ನೀರಿನದು. ಅದೇ ವರದಿಯ ಲೆಕ್ಕದಂತೆ ಒಂದು ಟನ್ ಕಬ್ಬಿನಿಂದ 70 ಲೀಟರ್ ಎಥೆನಾಲ್ ಬರುತ್ತದೆ. ಒಂದು ಲೀಟರಿಗೆ ಸುಮಾರು 2,860 ಲೀಟರ್ ನೀರು ಬೇಕು. ತಾಯಂದಿರೇ, 15 ಲೀಟರಿನ ಕೊಡದ ಲೆಕ್ಕ ಹಿಡಿದರೆ 190 ಕೊಡ! ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದರೆ ಅದಕ್ಕಾಗಿ ಬೇರೆ ಕಬ್ಬು ಬೆಳೆಯಬೇಕಾಗಿಲ್ಲ. ಆದರೆ ಎಥೆನಾಲಿಗಾಗಿಯೇ ಕಬ್ಬು ಹಚ್ಚುವುದು ಬೇರೆ ಮಾತು. ಭೀಮಾ, ಕೃಷ್ಣಾ ಎರಡೂ ನದಿಗಳ ನಡುವೆ ಇದ್ದರೂ ಬೇಸಿಗೆಯಲ್ಲಿ ಕೊಡ ಹಿಡಿದು ಅಲೆಯುವವರು ನೀವೇ ಅಲ್ಲವೇ?

ಕಾಲುವೆ ನೀರು ಬಂದ ಕೂಡಲೇ ಜೋಳ, ತೊಗರಿ, ಕಡಲೆ ಬಿಟ್ಟು ಎಲ್ಲರೂ ಕಬ್ಬಿನ ಹಿಂದೆ ಬಿದ್ದರೆ ರೊಟ್ಟಿಗೆ ಜೋಳವನ್ನೂ ಕೊಂಡು ತರಬೇಕಾದೀತು. ಕಬ್ಬಿನ ಭರವಸೆಯಾದರೂ ಗಟ್ಟಿಯೇ? 2023ರಲ್ಲಿ ಮಳೆ ಕೈಕೊಟ್ಟಾಗ ಸಕ್ಕರೆ ಕಡಿಮೆಯಾದೀತೆಂದು ಕೇಂದ್ರ ಸರ್ಕಾರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನ ಎಥೆನಾಲಿಗೆ ಕಡಿವಾಣ ಹಾಕಿತು. 2024ರ ಆಗಸ್ಟ್‌ನಲ್ಲಿ ತೆಗೆಯಿತು. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ರಸ್ತೆಗಿಳಿದ ಮೇಲೆಯೇ ಟನ್ನಿಗೆ 3,300 ರೂಪಾಯಿಗೆ ಮಾತು ಇತ್ಯರ್ಥವಾಯಿತು. ಎಥೆನಾಲಿನ ಲಾಭ ಕಾರ್ಖಾನೆಗೆ ಬಂದರೆ ರೈತನ ಕೈಗೂ ತಾನಾಗಿಯೇ ಬರುತ್ತದೆ ಎಂದು ತಿಳಿಯಬೇಡಿ.

ಆದ್ದರಿಂದ ನಾವು ಕೇಳಿಕೊಳ್ಳುವುದು ಇಷ್ಟೇ:

1. ಇದ್ದ ಹೊಲವೆಲ್ಲ ಕಬ್ಬು ಮಾಡಬೇಡಿ. ಮನೆಗೆ ಬೇಕಾಗುವಷ್ಟು ಜೋಳ, ಬೇಳೆ ಬೆಳೆದು ಉಳಿದುದನ್ನು ಯೋಚಿಸಿರಿ.

2. ಕಬ್ಬು ಇದ್ದವರು ಹನಿ ನೀರಾವರಿ ಮಾಡಿರಿ. ರವದಿ ಸುಡದೆ ಸಾಲಿನಲ್ಲಿ ಹೊದಿಸಿರಿ.

3. ಗೋವಿನಜೋಳಕ್ಕೆ ಕಬ್ಬಿಗಿಂತ ನೀರು ಕಡಿಮೆ ಸಾಕು. ಅದೂ ಎಥೆನಾಲಿಗೆ ಹೋಗುತ್ತದೆ. ಬಿತ್ತುವ ಮೊದಲೇ ದರ ವಿಚಾರಿಸಿರಿ.

4. ಕಬ್ಬು ಕಳಿಸಿದ ತೂಕದ ಚೀಟಿ ಜೋಪಾನ ಮಾಡಿರಿ. ಕಬ್ಬು ನಿಯಂತ್ರಣ ಆದೇಶದಂತೆ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಕೇಳುವ ಹಕ್ಕು ನಿಮಗಿದೆ. ಒಬ್ಬೊಬ್ಬರೇ ಕೇಳಬೇಡಿ, ಸಂಘವಾಗಿ ಕೇಳಿರಿ.

ಗಾಡಿ ಓಡಬೇಕು, ನಿಜ. ಆದರೆ ಅದನ್ನು ಓಡಿಸುವವರ ಮನೆಯಲ್ಲಿ ರೊಟ್ಟಿಯೂ ಇರಬೇಕು, ಕೊಡದಲ್ಲಿ ನೀರೂ ಇರಬೇಕು. ಊರಿಗೆ ಹೋದ ಮೇಲೆ ಮುಂದಿನ ಸಂಘದ ಸಭೆಯಲ್ಲಿ ಈ ಮಾತನ್ನು ಚರ್ಚಿಸಿರೆಂದು ವಿನಂತಿಸುತ್ತಾ ನಮ್ಮ ಮಾತು ಮುಗಿಸುತ್ತೇವೆ.