ತಪ್ಪಿದ ದಿನದ ಮರುದಿನ



ಯುಗಾದಿಗೆ ವ್ಯಾಯಾಮ ಆರಂಭಿಸಿ, ಮುಂಬಯಿಯ ಮಳೆ ಹಿಡಿದೊಡನೆ ಕೈಬಿಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಪಾಳಿ ಬದಲಾಗಿ ಒಂದು ದಿನ ತಪ್ಪಿತು. ವ್ರತಭಂಗವಾಯಿತೆಂದು ಮರುದಿನವೂ ಮಲಗಿದೆ. ದೀಪಾವಳಿಯ ಹೊತ್ತಿಗೆ ಚಾಳಿನ ಮೂರನೆಯ ಮಾಳಿಗೆ ಹತ್ತುವಾಗ ಏದುಸಿರು! ನಮ್ಮ ದುಡಿಮೆಯನ್ನೇ ನಂಬಿ ಊರಿನಲ್ಲಿ ಮನೆಮಂದಿ ಇದ್ದಾರೆ. ಈ ದೇಹವೇ ನಮ್ಮ ಬಂಡವಾಳವಲ್ಲವೇ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಲೇಖನವೊಂದಿದೆ. ಅಭ್ಯಾಸವೊಂದು ಮೈಗೂಡಲು ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲವೆಂದು ಅವರು ಕಂಡುಕೊಂಡರು.

ಆದ್ದರಿಂದ ವ್ಯಾಯಾಮವನ್ನು ಗಡಿಯಾರಕ್ಕೆ ಕಟ್ಟಬೇಡಿ. ಪಾಳಿಯೊಡನೆ ಗಂಟೆ ಬದಲಾಗುತ್ತದೆ. ಎದ್ದು ಮುಖ ತೊಳೆಯುವುದಂತೂ ಯಾವ ಪಾಳಿಯಲ್ಲೂ ತಪ್ಪದು. ಅದು ಮುಗಿದೊಡನೆ ಸೂರ್ಯನಮಸ್ಕಾರ ಹಾಕಿರಿ. ಒಂದು ಚಾಪೆಯಷ್ಟು ಜಾಗ ಸಾಕು, ಮಳೆಯ ಅಡ್ಡಿಯಿಲ್ಲ, ಕಾಸಿನ ಖರ್ಚಿಲ್ಲ. ಹನ್ನೆರಡು ಆಗದ ದಿನ ಎರಡೇ ಆಗಲಿ.

ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ. ಆಗಾಗ ತಪ್ಪುತ್ತದೆ, ಮರುದಿನ ಮಾತ್ರ ಚಾಪೆ ಹಾಸುತ್ತೇನೆ. ಒಂದು ದಿನ ತಪ್ಪಲಿ, ಎರಡನೆಯ ದಿನ ತಪ್ಪದಿರಲಿ.