ಹಸಿವಿನ ಲೆಕ್ಕ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಸಹ್ಯಾದ್ರಿಯ ನೆತ್ತಿಯ ಆ ಊರಲ್ಲಿ ಮಳೆಗಾಲವೆಂದರೆ ಸೂರ್ಯನ ಮುಖವೇ ಕಾಣದ ಕಾಲ. ಅದೇ ನದಿ ಸವದತ್ತಿಯನ್ನು ಮುಟ್ಟುವಾಗ ಸುತ್ತಲೂ ಜೋಳದ ಎರೆಹೊಲ, ಮುಗಿಲು ನೋಡುವ ರೈತ. ಎರಡೂ ಬೆಳಗಾವಿ ಜಿಲ್ಲೆಯೇ. ಕಣಕುಂಬಿಯ ಮಳೆ ಅರ್ಧಕ್ಕಿಳಿದರೂ ಸವದತ್ತಿಯ ಇಡೀ ವರ್ಷದ ಮಳೆಗಿಂತ ಹೆಚ್ಚೇ. ಆದರೂ ಧಾರಾಳ ನೀರಿಗೆ ಒಗ್ಗಿದ ಖಾನಾಪುರದ ಭತ್ತಕ್ಕೆ ಆ ವರ್ಷ ಕಷ್ಟವೇ. ಎರಡನ್ನೂ ಕೂಡಿಸಿ ಭಾಗಿಸಿ ಜಿಲ್ಲೆಯ ಸರಾಸರಿ ಎಂದು ಬರೆದರೆ, ಆ ಅಂಕಿ ಯಾವ ಊರಿನದು?

ಸರಾಸರಿ ಎಂಬುದು ಪಾರಸಿಯಿಂದ ಬಂದ ಕಚೇರಿಯ ಮಾತು. ಈ ತುದಿಯಿಂದ ಆ ತುದಿಯವರೆಗೆ ಎಂಬುದು ಅದರ ಮೂಲಾರ್ಥ. ಕನ್ನಡ ಮೇಷ್ಟರ ಚಪಲ, ಇಷ್ಟಕ್ಕೇ ಬಿಡುತ್ತೇನೆ. ಆದರೆ ತುದಿಗಳೆರಡನ್ನೂ ಮರೆಸುವುದೇ ಇಂದು ಆ ಮಾತಿನ ಕೆಲಸವಾಗಿದೆ.

ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ ಬೆಳೆಯನ್ನು ಆಣೆಗಳಲ್ಲಿ ಅಳೆಯುತ್ತಿದ್ದರು. 16 ಆಣೆ ಎಂದರೆ ತುಂಬು ಬೆಳೆ. 4 ಆಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯ ವಸೂಲಿಯನ್ನು ತಡೆಹಿಡಿಯಬೇಕು. ಅದೇ ಪ್ರಾಂತದ ಖೇಡಾದಲ್ಲಿ 1918ರಲ್ಲಿ ಗಾಂಧೀಜಿ ಹೂಡಿದ ಸತ್ಯಾಗ್ರಹದ ಬೇರಿನಲ್ಲಿದ್ದುದು ಈ ಆಣೆವಾರಿಯ ಜಗಳ. ಅಧಿಕಾರಿಯ ಕಣ್ಣಿಗೆ ಕಂಡ ಬೆಳೆ ರೈತನ ಕಣದಲ್ಲಿ ಇರಲಿಲ್ಲ.

ಈ ಕಣ್ಣಳತೆಯನ್ನು ಬಿಡಿಸಿದವರಲ್ಲಿ ಒಬ್ಬರು ಸಾತಾರಾ ಜಿಲ್ಲೆಯ ಬುಧ ಗ್ರಾಮದಲ್ಲಿ 1911ರಲ್ಲಿ ಹುಟ್ಟಿದ ಪಾಂಡುರಂಗ ಸುಖಾತ್ಮೆ. ಚೀಟಿ ಎತ್ತಿದಂತೆ ಹೊಲಗಳನ್ನು ಆರಿಸಿ, ಅಳತೆಯ ತುಂಡು ನೆಲದ ಬೆಳೆ ಕೊಯ್ದು, ತೂಗಿ, ನಾಡಿನ ಬೆಳೆಯನ್ನು ಅಂದಾಜಿಸುವ ಕ್ರಮವನ್ನು ಅವರೂ ಪಾನ್ಸೆ ಅವರೂ 1940ರ ದಶಕದಲ್ಲಿ ಬೆಳೆಸಿದರು. ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಹೋದ ಸುಖಾತ್ಮೆ 1961ರ ಪ್ರಬಂಧವೊಂದರಲ್ಲಿ ಜಗತ್ತಿನ ಹಸಿವನ್ನೇ ಎಣಿಸಹೊರಟರು. ಇದ್ದ ಕಾಳನ್ನು ಜನಸಂಖ್ಯೆಯಿಂದ ಭಾಗಿಸಿದರೆ ಸಾಲದು. ಅದು ಮನೆಮನೆಗೆ ಹೇಗೆ ಹಂಚಿಹೋಗಿದೆ ಎಂಬುದನ್ನು ಲೆಕ್ಕಕ್ಕೆ ತರಬೇಕು. ಆಫ್ರಿಕದ ದೇಶಗಳಲ್ಲಿ ಇಷ್ಟು ಕೋಟಿ ಜನ ಅರೆಹೊಟ್ಟೆಯವರು ಎಂದು ಆ ಸಂಸ್ಥೆ ಇಂದು ಹೇಳುವ ಅಂಕಿಗಳ ವಂಶಮೂಲ ಇಲ್ಲಿದೆ. ನಮ್ಮ ನೆರೆರಾಜ್ಯದ ಮನುಷ್ಯನ ಕೆಲಸ ಅಷ್ಟು ದೂರ ನಡೆದಿದೆ.

ಆದರೆ ಹಂಚಿಕೆ ಕೆಡುವುದು ಹೇಗೆ? 1973ರಲ್ಲಿ ಇಥಿಯೋಪಿಯದ ವೊಲ್ಲೊ ಪ್ರಾಂತದಲ್ಲಿ ಭೀಕರ ಕ್ಷಾಮ. ಇಡೀ ದೇಶದ ಫಸಲು ಹೆಚ್ಚು ಕುಸಿದಿರಲಿಲ್ಲವೆಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ತೋರಿಸಿದರು. ದೆಸ್ಸಿ ಪೇಟೆಯಲ್ಲಿ ಕಾಳಿನ ಬೆಲೆಯೂ ಹೇಳಿಕೊಳ್ಳುವಷ್ಟು ಏರಲಿಲ್ಲ. ವೊಲ್ಲೊದಿಂದ ಕಾಳು ಹೊರಗೂ ಹೋಯಿತು. ಕೈಯಲ್ಲಿ ಕಾಸಿಲ್ಲದವನು ಪೇಟೆಗೆ ಬರುವುದಿಲ್ಲ, ಅವನ ಹಸಿವು ಬೆಲೆಯಲ್ಲಿ ಮೂಡುವುದಿಲ್ಲ. ಆದುದರಿಂದಲೇ ಪೂರ್ವ ಆಫ್ರಿಕದಲ್ಲಿ ಕ್ಷಾಮದ ಮುನ್ಸೂಚನೆ ನೀಡುವವರು ಈಗ ಸಂತೆಯಲ್ಲಿ ಕೇಳುವುದು ಬೇರೆ ಪ್ರಶ್ನೆ: ಒಂದು ಆಡು ಮಾರಿದರೆ ಎಷ್ಟು ಕಾಳು ಸಿಕ್ಕೀತು? ಎಷ್ಟೋ ಪಂಡಿತರ ಸೂತ್ರಗಳಿಗಿಂತ ನನಗೆ ಈ ಪ್ರಶ್ನೆ ಹಿಡಿಸಿತು.

2023ರಲ್ಲಿ ಕರ್ನಾಟಕದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಿದರು. ಮಳೆಯ ಕೊರತೆ, ಉಪಗ್ರಹ ಕಂಡ ಹಸುರು, ಮಣ್ಣಿನ ತೇವ, ಹೊಲದ ಪರಿಶೀಲನೆ: ಇವು ಆ ನಿರ್ಧಾರದ ಆಧಾರಗಳು. ಇವೆಲ್ಲ ನೆಲದ ಲೆಕ್ಕ, ಬೇಕಾದದ್ದೇ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಇರಲಿ ಎನ್ನುತ್ತೇನೆ: ಈ ವಾರ ಖಾನಾಪುರದ ಸಂತೆಯಲ್ಲಿ ಒಂದು ದಿನದ ಕೂಲಿಗೆ ಎಷ್ಟು ಕಿಲೋ ಅಕ್ಕಿ ಬಂದಿತು? ಎಷ್ಟು ದಿನ ಕೂಲಿಯೇ ಸಿಗಲಿಲ್ಲ? ಭೀಮಗಡದ ಕಾಡಿನೊಳಗಿನ ವಸತಿಗಳಲ್ಲಿ ಹಳ್ಳ ಉಕ್ಕಿ ದಾರಿ ಕಟ್ಟಿದಾಗ ಪಡಿತರದ ಅಕ್ಕಿ ಎಷ್ಟು ದಿನ ಈಚೆ ದಡದಲ್ಲೇ ಉಳಿಯಿತು? ಇವೂ ಅಂಕಿಗಳೇ. ಕೇಳಿ ಬರೆದುಕೊಳ್ಳಲು ಉಪಗ್ರಹ ಬೇಡ, ಒಂದು ವಹಿ ಸಾಕು.