ಸಾಲದ ಪತ್ರ ಓದಿ ಹೇಳಿ

(ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಊರಿನ ಯುವಕರು ಏರ್ಪಡಿಸಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಸರ್ಕಾರ ಮಾಡುವ ಸಾಲದ ಬಗ್ಗೆ ನಾಲ್ಕು ಮಾತು ಹೇಳು ಎಂದು ಕರೆದಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿ ಬರೆಯುತ್ತಿರುವವನು. ಬಜೆಟ್ ದಿನ ಬರುವ ದಪ್ಪ ಪುಸ್ತಕಗಳನ್ನು ತಿರುವಿ, ಓದುಗರಿಗೆ ಅರ್ಥವಾಗುವ ನಾಲ್ಕು ಸಾಲು ಬರೆಯುವುದು ನನ್ನ ಕೆಲಸ. ಸಾಲವೆಂದರೇನು ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಇದು ಹೊಗೆಸೊಪ್ಪಿನ ಸೀಮೆ. ಗೊಬ್ಬರಕ್ಕೆ ಸಾಲ, ಆಳಿಗೆ ಸಾಲ, ಬ್ಯಾರನ್ನಿಗೆ ಹಾಕುವ ಸೌದೆಗೆ ಸಾಲ. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪು ಮಾರಾಟವಾದ ಮೇಲೆ ತೀರುವಳಿ. ಸಾಲ ಮಾಡಿದವನೇ ಅದನ್ನು ತೀರಿಸಬೇಕು. ಹೀಗಾಗಿ ಸಾಲ ಮಾಡುವಾಗ ನೀವು ಹತ್ತು ಸಲ ಯೋಚಿಸುತ್ತೀರಿ.

ಸರ್ಕಾರದ ಸಾಲದಲ್ಲಿ ಹೀಗಿಲ್ಲ. ತರುವವರು ಒಬ್ಬರು, ತೀರಿಸುವವರು ಇನ್ನೊಬ್ಬರು.

ನಮ್ಮ ಮನೆಯ ಸಂಗತಿಯೊಂದನ್ನು ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ತಂದೆ ನೆಂಟರೊಬ್ಬರ ಸಾಲಕ್ಕೆ ಜಾಮೀನು ನಿಂತರು. ಪತ್ರದಲ್ಲಿ ಏನು ಬರೆದಿದೆ ಎಂದು ನೋಡಲಿಲ್ಲ. ಓದಿ ಹೇಳಿ ಎಂದರೆ ನೆಂಟರನ್ನು ನಂಬಲಿಲ್ಲ ಎಂದಾಗುತ್ತದೆ ಎಂದು ಸುಮ್ಮನೆ ಸಹಿ ಹಾಕಿದರು. ನೆಂಟರು ಕೈಚೆಲ್ಲಿದರು. ನಮ್ಮ ಮನೆಯವರು ನಾಲ್ಕು ವರ್ಷ ಕಂತು ಕಟ್ಟಿದೆವು. ದುಡ್ಡು ಹೋದುದಕ್ಕಿಂತಲೂ ಅದು ಯಾತಕ್ಕೆ ಹೋಯಿತು ಎಂಬುದು ಕಡೆಗೂ ತಿಳಿಯಲಿಲ್ಲ ಎಂಬ ನೋವು ತಂದೆಗೆ ಹೆಚ್ಚಾಗಿತ್ತು.

ಈ ಮಾತು ನೆನಪಾದದ್ದು ಮೈಸೂರು ಸಂಸ್ಥಾನದ ಚರಿತ್ರೆ ಓದುವಾಗ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷರು ಒಡೆಯರ ಮನೆತನಕ್ಕೆ ರಾಜ್ಯ ಕೊಟ್ಟರಷ್ಟೆ. ಅದರ ಜೊತೆಗೇ ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಪ್ಪವನ್ನೂ ಹೊರಿಸಿದರು. ಆ ಹಣಕ್ಕೆ ಅಪಾಯ ಬರುವಂತಿದ್ದರೆ ಆಡಳಿತವನ್ನೇ ತಾವು ವಹಿಸಿಕೊಳ್ಳಬಹುದು ಎಂಬ ಷರತ್ತು ಒಪ್ಪಂದದಲ್ಲಿತ್ತು. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷ, 1831ರಲ್ಲಿ, ಆಡಳಿತ ಕೆಟ್ಟಿದೆ, ಬೊಕ್ಕಸ ಬರಿದಾಗಿದೆ ಎಂದು ಕಾರಣ ಕೊಟ್ಟು ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡ. ಅಲ್ಲಿಂದ 50 ವರ್ಷ ಕಮಿಷನರುಗಳ ಆಡಳಿತ.

ಹಾಗಿದ್ದರೆ ಆ 50 ವರ್ಷಗಳ ಕೊನೆಗೆ ಬೊಕ್ಕಸ ತುಂಬಿರಬೇಕಲ್ಲವೆ? ಕೆಲವು ಕಾಲ ಉಳಿತಾಯವೇನೋ ಇತ್ತು. ಆಮೇಲೆ 1876ರಿಂದ 1878ರವರೆಗೆ, ನಮ್ಮ ಅಜ್ಜಂದಿರ ಅಜ್ಜಂದಿರು ಧಾತು-ಈಶ್ವರದ ಬರ ಎಂದು ಕರೆದ ಆ ಮಹಾಕ್ಷಾಮ ಬಂತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ 42 ಲಕ್ಷವೂ ಇರಲಿಲ್ಲ. ಕೂಡಿಟ್ಟ ಹಣ ಕರಗಿತು. ಅದರ ಮೇಲೆ 80 ಲಕ್ಷ ರೂಪಾಯಿ ಸಾಲ ಬೆಳೆಯಿತು. 1881ರ ಮಾರ್ಚ್ 25ರಂದು 18 ವರ್ಷದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿ ಒಪ್ಪಿಸಿದಾಗ ಈ ಸಾಲವನ್ನೂ ಒಪ್ಪಿಸಿದರು. ಕಪ್ಪವನ್ನು 35 ಲಕ್ಷಕ್ಕೆ ಏರಿಸಿ, ಬರದಿಂದ ರಾಜ್ಯ ಸೊರಗಿದ್ದ ಕಾರಣ ಆ ಏರಿಕೆಯ ವಸೂಲಿಯನ್ನು ಮಾತ್ರ ಮುಂದೂಡಿದರು. ಆಗ ಸಂಸ್ಥಾನದ ವರ್ಷದ ಆದಾಯ ಸುಮಾರು ಒಂದು ಕೋಟಿ ರೂಪಾಯಿ.

ಹಣದ ಅವ್ಯವಸ್ಥೆ ಎಂದು ರಾಜನಿಂದ ರಾಜ್ಯ ಕಿತ್ತುಕೊಂಡವರು ಸಾಲದ ಹೊರೆಯೊಂದಿಗೆ ಅದನ್ನು ಹಿಂದಿರುಗಿಸಿದರು. ಬರಗಾಲದಲ್ಲಿ ಸಾಲ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಜನ ಸಾಯುವಾಗ ಸಾಲ ಮಾಡದ ಸರ್ಕಾರ ಇದ್ದೂ ಇಲ್ಲದಂತೆ. ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸ ಶುರುವಾದದ್ದು ಕೂಡ ಬರಪರಿಹಾರದ ಕಾಮಗಾರಿಯಾಗಿಯೇ. ಆದರೆ ಈ ಸಾಲದ ಲೆಕ್ಕವನ್ನು ಸಂಸ್ಥಾನದ ರೈತನ ಮುಂದೆ ಯಾರೂ ಓದಲಿಲ್ಲ. ಕಮಿಷನರು ಕಲ್ಕತ್ತೆಗೆ ಉತ್ತರ ಹೇಳಬೇಕಿತ್ತು, ಕಲ್ಕತ್ತೆ ಲಂಡನ್ನಿಗೆ. ಕಂದಾಯ ಕಟ್ಟುವವನಿಗೆ ಉತ್ತರ ಹೇಳಬೇಕಾದವರು ಒಬ್ಬರೂ ಇರಲಿಲ್ಲ.

ದಿವಾನ್ ರಂಗಾಚಾರ್ಲು ಅವರ ದೊಡ್ಡತನ ಇರುವುದು ಇಲ್ಲಿ. ಅಧಿಕಾರ ವಹಿಸಿಕೊಂಡ ಅದೇ ವರ್ಷ, 1881ರ ಅಕ್ಟೋಬರ್ 7ರಂದು, ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಜಮೀನುದಾರರು, ವರ್ತಕರು ಸೇರಿ 144 ಮಂದಿ ಬಂದರು. ಅವರು ಚುನಾಯಿತರಲ್ಲ, ಅವರಿಗೆ ಮತದ ಅಧಿಕಾರವೂ ಇರಲಿಲ್ಲ. ಆದರೂ ದಿವಾನರು ಅವರ ಮುಂದೆ ನಿಂತು ರಾಜ್ಯದ ಆದಾಯ ಇಷ್ಟು, ಖರ್ಚು ಇಷ್ಟು, ಕೈಗೊಳ್ಳುವ ಕೆಲಸ ಇಂಥದ್ದು ಎಂದು ವಿವರಿಸಿದರು. ಬೊಕ್ಕಸ ತುಂಬಿದ ಮೇಲೆ ಲೆಕ್ಕ ಹೇಳೋಣ ಎಂದು ಅವರು ಕಾಯಲಿಲ್ಲ. ತಲೆಯ ಮೇಲೆ ಸಾಲ ಇದ್ದಾಗಲೇ ಲೆಕ್ಕ ಹೇಳಿದರು. 1883ರ ಜನವರಿಯಲ್ಲಿ ಅವರು ತೀರಿಕೊಂಡರು. ಮುಂದೆ ಬಂದ ಶೇಷಾದ್ರಿ ಅಯ್ಯರ್ ಅವರೂ ವರ್ಷ ವರ್ಷ ಈ ಪದ್ಧತಿ ನಡೆಸಿಕೊಂಡು ಬಂದರು.

ಈಗ ನಮ್ಮ ಕಾಲಕ್ಕೆ ಬರೋಣ. ಸಂವಿಧಾನದ 292 ಮತ್ತು 293ನೇ ವಿಧಿಗಳಲ್ಲಿ ಸರ್ಕಾರಗಳ ಸಾಲದ ಮಾತಿದೆ. ಕೇಂದ್ರವಾಗಲಿ ರಾಜ್ಯವಾಗಲಿ ಸಾಲ ಎತ್ತುವುದು ಸಂಚಿತ ನಿಧಿಯ ಭದ್ರತೆಯ ಮೇಲೆ. ಸಂಚಿತ ನಿಧಿ ಎಂದರೆ ನೀವು ಬೆಂಕಿಪೊಟ್ಟಣದಿಂದ ಟ್ರ್ಯಾಕ್ಟರಿನವರೆಗೆ ಏನೇ ಕೊಂಡರೂ ಕೊಡುವ ತೆರಿಗೆ ಹೋಗಿ ಸೇರುವ ಹುಂಡಿ. ಅಂದರೆ ಜಾಮೀನು ನಿಂತವರು ನಾವೇ. ಸಾಲಕ್ಕೆ ಕಾನೂನಿನ ಮೂಲಕ ಮಿತಿ ಹಾಕುವ ಅಧಿಕಾರವನ್ನು ಸಂವಿಧಾನ ಸಂಸತ್ತಿಗೂ ವಿಧಾನಮಂಡಲಕ್ಕೂ ಕೊಟ್ಟಿದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಾಲದ ಬಡ್ಡಿಯ ಬಗ್ಗೆ ಸದನದಲ್ಲಿ ಚರ್ಚೆ ಮಾಡಬಹುದು, ಆದರೆ ಅದನ್ನು ಮತಕ್ಕೆ ಹಾಕುವಂತಿಲ್ಲ, ಕಟ್ಟಲೇಬೇಕು. ಆದ್ದರಿಂದ ಪ್ರಶ್ನೆ ಕೇಳುವುದಿದ್ದರೆ ಸಾಲ ತರುವ ಮೊದಲೇ ಕೇಳಬೇಕು.

ಕೇಳದೆ ಇದ್ದರೆ ಏನಾಗುತ್ತದೆ ಎಂಬುದನ್ನು 1991ರಲ್ಲಿ ಕಂಡೆವು. ಎಂಬತ್ತರ ದಶಕದಲ್ಲಿ ಕೊರತೆಯ ಮೇಲೆ ಕೊರತೆ ಬೆಳೆಯಿತು. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತು. ವಿದೇಶಿ ಹಣ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿಯಿತು. ಚಂದ್ರಶೇಖರ್ ಸರ್ಕಾರದ ಕಾಲದಲ್ಲಿ 20 ಟನ್, ನರಸಿಂಹ ರಾವ್ ಸರ್ಕಾರ ಬಂದ ಮೇಲೆ ಸುಮಾರು 47 ಟನ್ ಚಿನ್ನ ಹೊರದೇಶಕ್ಕೆ ಹೋಯಿತು. ಮನೆಯ ಹೆಂಗಸರ ಓಲೆ ಅಡವಿಟ್ಟಂತಾಯಿತು ಎಂದು ಜನ ನೊಂದುಕೊಂಡರು. ನೀವು ಬೆಳೆಯುವ ಸೊಪ್ಪು ಪರದೇಶಕ್ಕೆ ಹೋಗಿ ಡಾಲರ್ ತರುತ್ತದೆ. ಆ ಡಾಲರಿಗಾಗಿ ದೆಹಲಿ ಎಷ್ಟು ಪರದಾಡಬಹುದು ಎಂಬುದು ಆ ವರ್ಷ ತಿಳಿಯಿತು. ಹತ್ತು ವರ್ಷ ಬೆಳೆದ ಕೊರತೆಗೆ ಹೊಣೆ ಯಾರು? ಹಿಂದಿನವರು ಎಂದು ಎಲ್ಲರೂ ಹೇಳಿದರು.

ಈ ಮಾತು ನಿಲ್ಲಲಿ ಎಂದೇ ಕಾಯ್ದೆ ಬಂತು. ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆ ಪಡುವ ಕಾರಣ ಇದೆ. ಎಸ್.ಎಂ. ಕೃಷ್ಣ ಅವರ ಸರ್ಕಾರವಿದ್ದ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. ಕೇಂದ್ರದ ಕಾಯ್ದೆ ಬಂದದ್ದು 2003ರಲ್ಲಿ. ಸಾಲದ ಹೊರೆ ರಾಜ್ಯದ ಒಟ್ಟು ಉತ್ಪನ್ನದ ಶೇ. 25 ಮೀರಬಾರದು, ವರ್ಷದ ವಿತ್ತೀಯ ಕೊರತೆ ಶೇ. 3 ಮೀರಬಾರದು ಎಂಬುದು ಅದರ ತಿರುಳು. ನಿಗಮಗಳ ಹೆಸರಿನಲ್ಲಿ ಬಜೆಟ್ಟಿನ ಹೊರಗೆ ಎತ್ತುವ ಸಾಲವನ್ನೂ ಲೆಕ್ಕಕ್ಕೆ ಸೇರಿಸುವಂತೆ ಆಮೇಲೆ ತಿದ್ದುಪಡಿ ಆಯಿತು. 2020ರಲ್ಲಿ, ಕೊರೊನಾ ಕಾಲದಲ್ಲಿ, ಯಡಿಯೂರಪ್ಪ ಅವರ ಸರ್ಕಾರ ಆ ವರ್ಷದ ಕೊರತೆಯ ಮಿತಿಯನ್ನು ಶೇ. 5ಕ್ಕೆ ಏರಿಸಿಕೊಂಡಿತು. 2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ 1,16,000 ಕೋಟಿ ಸಾಲದ ಬಾಬ್ತು. 2025-26ರ ಕೊನೆಗೆ ಒಟ್ಟು ಹೊಣೆ 7,64,655 ಕೋಟಿ, ಉತ್ಪನ್ನದ ಶೇ. 24.91 ಎಂದು ಅಂದಾಜು. ಕೇಂದ್ರದ ಅದೇ ವರ್ಷದ ಬಜೆಟ್ಟಿನಲ್ಲಿ, ಬರುವ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲ, ಹೋಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿ.

ರಾಜ್ಯದ ಜನಸಂಖ್ಯೆ ಏಳು ಕೋಟಿ ಎಂದಿಟ್ಟುಕೊಂಡರೆ ತಲೆಗೆ ಒಂದು ಲಕ್ಷಕ್ಕೂ ಹೆಚ್ಚು ಸಾಲ. ಇದನ್ನು ಕೇಳಿ ಹೆದರಬೇಡಿ. 1881ರಲ್ಲಿ ತಲೆಗೆ ಎರಡು ರೂಪಾಯಿಯೂ ಇರಲಿಲ್ಲ, ಆದರೂ ಆ ಕಾಲದ ಕೂಲಿಗೆ ಅದು ಭಾರವೇ. ಸಾಲದ ಮೊತ್ತವೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ನಾಲೆಗೆ ತಂದ ಸಾಲ ನೀರು ಹರಿಸಿ ತಾನೇ ತೀರೀತು. ಸಂಬಳ ಕೊಡಲು, ಹಳೆಯ ಬಡ್ಡಿ ಕಟ್ಟಲು ತಂದ ಸಾಲ ನಮ್ಮ ಮಕ್ಕಳ ಹೆಗಲಿಗೆ ಬೀಳುತ್ತದೆ. ಶೇ. 24.91 ಎಂಬ ಅಂಕಿ ಮಿತಿಯೊಳಗೇನೋ ಇದೆ. ಆದರೆ ದೊಡ್ಡಿಯ ಬೇಲಿಗೆ ಮೈ ತಾಗಿಸಿಕೊಂಡೇ ನಿಂತ ದನದ ಹಾಗಿದೆ; ಒಂದು ಬರ, ಒಂದು ರೋಗ ಬಂದರೆ ಬೇಲಿ ಸರಿಸಬೇಕಾಗುತ್ತದೆ.

ಹಾಗಾದರೆ ಹೊಣೆ ಯಾರದು? ಯಾವ ಒಂದು ಪಕ್ಷದ ಹೆಸರನ್ನೂ ನಾನು ಹೇಳಲಾರೆ. ವಿಧಾನಸೌಧದಲ್ಲಿ ಎಡಗಡೆ ಕೂತಾಗ ಸಾಲ ಪಾಪ ಎನ್ನುವವರು ಬಲಗಡೆಗೆ ಬಂದಾಗ ಅದನ್ನು ಅಭಿವೃದ್ಧಿ ಎನ್ನುತ್ತಾರೆ. ಸಹಿ ಹಾಕುವ ಮಂತ್ರಿಯದು ಮೊದಲ ಹೊಣೆ. ಚರ್ಚೆಯಿಲ್ಲದೆ ಗದ್ದಲದ ನಡುವೆ ಬಜೆಟ್ ಒಪ್ಪುವ ಶಾಸಕರದು ಎರಡನೆಯದು. ನಮ್ಮ ಪಾಲೂ ಇದೆ, ಸುಳ್ಳು ಹೇಳಬಾರದು. ಓಟು ಕೇಳಲು ಬಂದವರನ್ನು ನಾವು ರಸ್ತೆ ಕೇಳುತ್ತೇವೆ, ಸಾಲ ಮನ್ನಾ ಕೇಳುತ್ತೇವೆ, ತೆರಿಗೆ ಬೇಡ ಎನ್ನುತ್ತೇವೆ. ಇದಕ್ಕೆ ದುಡ್ಡು ಎಲ್ಲಿಂದ ಎಂದು ಕೇಳುವುದಿಲ್ಲ. ಪತ್ರಿಕೆಯವರ ತಪ್ಪೂ ಉಂಟು. ಬಜೆಟ್ ಮರುದಿನ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ದೊಡ್ಡದಾಗಿ ಹಾಕುತ್ತೇವೆ. ಸಾಲದ ಅಂಕಿ ಒಳಪುಟದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ನಾನೂ ಹಾಗೆ ಬರೆದಿದ್ದೇನೆ.

1881ರಲ್ಲಿ ದಸರೆಗೆ ಮೈಸೂರಿಗೆ ಹೋಗಿದ್ದ ಆ 144 ಮಂದಿಗೆ ಮತವಿರಲಿಲ್ಲ, ಕೇಳಿಸಿಕೊಳ್ಳುವ ಅವಕಾಶ ಮಾತ್ರ ಇತ್ತು. ನಮಗೆ ಮತವಿದೆ. ನಮ್ಮ ಶಾಸಕರು ಈ ರಸ್ತೆಯಲ್ಲೇ ಓಡಾಡುತ್ತಾರೆ. ಮುಂದಿನ ಸಲ ಊರಿಗೆ ಬಂದಾಗ ಅವರಿಗೆ ಹಾರ ಹಾಕಿ, ಬೇಡವೆನ್ನುವುದಿಲ್ಲ. ಕೂರಿಸಿ, ಕಾಫಿ ಕೊಡಿ. ಆಮೇಲೆ, ಈ ವರ್ಷ ನಮ್ಮ ಜಾಮೀನಿನ ಮೇಲೆ ಎಷ್ಟು ತಂದಿರಿ, ಅದರಲ್ಲಿ ಎಷ್ಟು ಕೆಲಸಕ್ಕೆ ಹೋಯಿತು, ಎಷ್ಟು ಬಡ್ಡಿಗೆ ಹೋಯಿತು ಎಂದು ಕೇಳಿ. ನನ್ನ ತಂದೆ ಅವಮಾನವೆಂದು ಬಾಯಿಬಿಡದೆ ಹೋದ ಮಾತು ಅದು. ಪತ್ರ ಓದಿ ಹೇಳಿ ಎಂದರೆ ನಂಬಿಕೆ ಇಲ್ಲ ಎಂದಲ್ಲ, ತೀರಿಸುವವರು ನಾವು ಎಂದಷ್ಟೇ ಅದರ ಅರ್ಥ.